ಫಲೆನಾಪ್ಸಿಸ್ ಆರ್ಕಿಡ್‌ನ ಕುಂಡ ಬದಲಾವಣೆ ಮತ್ತು ಮರುಹೂಬಿಡುವಿಕೆ

ಫಲೆನಾಪ್ಸಿಸ್ ಆರ್ಕಿಡೇಸೀ ಕುಟುಂಬಕ್ಕೆ ಸೇರಿದ ಒಂದು ಸಸ್ಯಜಾತಿ. ಮನೆಯೊಳಗೆ ಕುಂಡಗಳಲ್ಲಿ ಬೆಳೆಸುವ ಆರ್ಕಿಡ್‌ಗಳಲ್ಲಿ ಈ ಜಾತಿಯ ಮಿಶ್ರತಳಿಗಳು ಬಹಳ ಪ್ರಸಿದ್ಧವಾಗಿವೆ. ಅಗಲವಾದ ದಪ್ಪ ಎಲೆಗಳು, ಬಾಗಿದ ಉದ್ದನೆಯ ಹೂದಂಟು ಹಾಗೂ ಪತಂಗದ ರೆಕ್ಕೆಗಳನ್ನು ಹೋಲುವ ಹೂಗಳು ಇದರ ಲಕ್ಷಣಗಳು. ಒಮ್ಮೆ ಅರಳಿದ ಹೂಗಳು ಸಾಮಾನ್ಯವಾಗಿ ಎರಡು-ಮೂರು ತಿಂಗಳ ಕಾಲ ಬಾಡದೆ ಉಳಿಯುತ್ತವೆ.

ಹೂವು ಉದುರಿದ ಅನಂತರ ಈ ಗಿಡವನ್ನು ಬೇರೆ ಕುಂಡಕ್ಕೆ ಬದಲಾಯಿಸುವುದು ವಾಡಿಕೆ. ಬದಲಾವಣೆಯಾದ ಮೇಲೆ ಎಲೆಗಳು ಸೊರಗುವುದು, ಬೇರುಗಳು ಕೊಳೆಯುವುದು ಮತ್ತು ವರ್ಷಗಟ್ಟಲೆ ಹೂಬಿಡದಿರುವುದು ಸಾಕಣೆಗಾರರು ಸಾಮಾನ್ಯವಾಗಿ ಎದುರಿಸುವ ತೊಂದರೆಗಳು. ಗಿಡ ಸತ್ತಿತೆಂದು ಭಾವಿಸಿ ಅದನ್ನು ಎಸೆಯುವವರೂ ಇದ್ದಾರೆ. ಆದರೆ ಕಾಂಡದ ತುದಿ ಮತ್ತು ಒಂದೆರಡು ಎಲೆಗಳು ಆರೋಗ್ಯವಾಗಿದ್ದರೆ ಗಿಡವು ಹೊಸ ಬೇರುಗಳನ್ನು ಬಿಟ್ಟು ಚೇತರಿಸಿಕೊಳ್ಳಬಲ್ಲದು. ಈ ಚೇತರಿಕೆಗೆ ಒಂದು ನಿಶ್ಚಿತ ಕ್ರಮವಿದೆ: ಮೊದಲು ಬೇರು, ಅನಂತರ ಎಲೆ, ಕೊನೆಯಲ್ಲಿ ಹೂವು. ಈ ಕ್ರಮವನ್ನು ಅರಿತು ಆರೈಕೆ ಮಾಡುವುದೇ ಮರುಹೂಬಿಡುವಿಕೆಯ ಮೂಲ ಸೂತ್ರ.

ಹೆಸರು ಮತ್ತು ಹಿನ್ನೆಲೆ

ಫಲೆನಾಪ್ಸಿಸ್ ಎಂಬ ಹೆಸರು ಗ್ರೀಕ್ ಭಾಷೆಯ ಎರಡು ಪದಗಳಿಂದ ಬಂದಿದೆ. ಫಲೈನಾ ಎಂದರೆ ಪತಂಗ, ಆಪ್ಸಿಸ್ ಎಂದರೆ ಹೋಲಿಕೆ. ಇಂಡೋನೇಷ್ಯದ ಅಂಬೋನ್ ದ್ವೀಪದಲ್ಲಿ ನೆಲೆಸಿದ್ದ ರಂಫಿಯಸ್ ಎಂಬ ಸಸ್ಯತಜ್ಞ ಈ ಗುಂಪಿನ ಬಿಳಿಹೂವಿನ ಪ್ರಭೇದವೊಂದನ್ನು 17ನೆಯ ಶತಮಾನದಲ್ಲೇ ವರ್ಣಿಸಿದ್ದ. 1753ರಲ್ಲಿ ಲಿನೇಯಸ್ ಅದನ್ನು ಎಪಿಡೆಂಡ್ರಮ್ ಎಂಬ ಜಾತಿಯಲ್ಲಿ ಸೇರಿಸಿದ. 1825ರಲ್ಲಿ ಕಾರ್ಲ್ ಲುಡ್ವಿಗ್ ಬ್ಲೂಮೆ ಅದನ್ನು ಪ್ರತ್ಯೇಕಿಸಿ ಫಲೆನಾಪ್ಸಿಸ್ ಎಂಬ ಹೊಸ ಜಾತಿಯನ್ನು ಸ್ಥಾಪಿಸಿದ. ಫಲೆನಾಪ್ಸಿಸ್ ಅಮಾಬಿಲಿಸ್ ಎಂಬ ಈ ಪ್ರಭೇದ ಇಂದು ಇಂಡೋನೇಷ್ಯದ ರಾಷ್ಟ್ರೀಯ ಪುಷ್ಪಗಳಲ್ಲಿ ಒಂದು.

ಈ ಜಾತಿಯ ಪ್ರಭೇದಗಳು ಭಾರತ ಮತ್ತು ದಕ್ಷಿಣ ಚೀನದಿಂದ ಹಿಡಿದು ಆಗ್ನೇಯ ಏಷ್ಯ, ಫಿಲಿಪೀನ್ಸ್, ನ್ಯೂಗಿನಿ ಹಾಗೂ ಉತ್ತರ ಆಸ್ಟ್ರೇಲಿಯದವರೆಗೆ ಹರಡಿವೆ. ಪಶ್ಚಿಮಘಟ್ಟಗಳಲ್ಲಿಯೂ ಚಿಕ್ಕ ಹೂಗಳ ಪ್ರಭೇದಗಳಿವೆ. ಅವುಗಳಲ್ಲಿ ಒಂದನ್ನು ಸಸ್ಯವಿಜ್ಞಾನಿ ಸಿ. ಜೆ. ಸಲ್ಡಾನ್ಹಾ 1974ರಲ್ಲಿ ಫಲೆನಾಪ್ಸಿಸ್ ಮೈಸೊರೆನ್ಸಿಸ್ ಎಂದು ಹೆಸರಿಸಿದರು.

ಆರ್ಕಿಡ್ ಬೀಜಗಳು ಧೂಳಿನ ಕಣದಷ್ಟು ಸಣ್ಣವು. ಅವುಗಳಲ್ಲಿ ಮೊಳಕೆಗೆ ಬೇಕಾದ ಆಹಾರ ಸಂಗ್ರಹವಿಲ್ಲದ ಕಾರಣ, ನಿಸರ್ಗದಲ್ಲಿ ಅವು ಕೆಲವು ಶಿಲೀಂಧ್ರಗಳ ನೆರವಿನಿಂದ ಮಾತ್ರ ಮೊಳೆಯುತ್ತವೆ. ಅಮೆರಿಕದ ಲೂಯಿಸ್ ನಡ್ಸನ್ 1922ರಲ್ಲಿ ಸಕ್ಕರೆ ಮತ್ತು ಲವಣಗಳನ್ನು ಬೆರೆಸಿದ ಮಾಧ್ಯಮದಲ್ಲಿ ಶಿಲೀಂಧ್ರದ ನೆರವಿಲ್ಲದೆಯೇ ಬೀಜಗಳನ್ನು ಮೊಳೆಯಿಸಬಹುದೆಂದು ತೋರಿಸಿದ. ಮುಂದೆ ಅಂಗಾಂಶ ಕೃಷಿಯೂ ಬಳಕೆಗೆ ಬಂದುದರಿಂದ ಸಿರಿವಂತರ ಗಾಜಿನ ಮನೆಗಳಿಗೆ ಸೀಮಿತವಾಗಿದ್ದ ಈ ಗಿಡ ಸಾಮಾನ್ಯರ ಮನೆಗಳಿಗೂ ಬಂದಿತು. ಇಂದು ತೈವಾನ್ ಮತ್ತು ನೆದರ್ಲೆಂಡ್ಸ್ ಇದನ್ನು ವಾಣಿಜ್ಯವಾಗಿ ಬೆಳೆಯುವ ಪ್ರಮುಖ ದೇಶಗಳಾಗಿವೆ.

ಸಸ್ಯದ ರಚನೆ

ಫಲೆನಾಪ್ಸಿಸ್‌ನ ಬಹುತೇಕ ಪ್ರಭೇದಗಳು ಅಪ್ಪುಸಸ್ಯಗಳು. ಅಂದರೆ ಅವು ಮರಗಳ ಕೊಂಬೆ ಹಾಗೂ ಕಾಂಡಗಳ ಮೇಲೆ ನೆಲೆಸುತ್ತವೆ, ಆದರೆ ಬಂದಳಿಕೆಯಂತೆ ಮರದ ರಸವನ್ನು ಹೀರುವುದಿಲ್ಲ. ಮಲೆನಾಡಿನ ಮರಗಳ ಮೇಲೆ ಕಾಣುವ ಸೀತಾಳೆ ದಂಡೆಯೂ ಇದೇ ಬಗೆಯ ಜೀವನ ನಡೆಸುವ ಆರ್ಕಿಡ್. ಮಳೆಯ ನೀರು, ಮಂಜು, ತೊಗಟೆಯ ಬಿರುಕುಗಳಲ್ಲಿ ಸೇರಿದ ಎಲೆಗೊಬ್ಬರ ಇವೇ ಇವುಗಳ ಆಧಾರ. ಮಳೆ ಬಂದಾಗ ಬೇರುಗಳು ಪೂರ್ಣವಾಗಿ ನೆನೆಯುತ್ತವೆ, ಮಳೆ ನಿಂತ ಮೇಲೆ ಗಾಳಿಗೆ ಬೇಗನೆ ಆರುತ್ತವೆ. ನೆನೆಯುವುದು ಮತ್ತು ಆರುವುದು ಎಂಬ ಈ ಎರಡು ಸ್ಥಿತಿಗಳ ಸರದಿಗೆ ಗಿಡದ ಇಡೀ ರಚನೆ ಹೊಂದಿಕೊಂಡಿದೆ.

ಕಾಂಡ ಮತ್ತು ಎಲೆ: ಕಾಂಡವು ಗಿಡ್ಡವಾಗಿದ್ದು, ಒಂದೇ ತುದಿಯಿಂದ ಮೇಲ್ಮುಖವಾಗಿ ಬೆಳೆಯುತ್ತದೆ. ಮನೆಯಲ್ಲಿ ಬೆಳೆಸಿದ ಗಿಡ ಸಾಮಾನ್ಯವಾಗಿ ವರ್ಷಕ್ಕೆ ಎರಡು-ಮೂರು ಹೊಸ ಎಲೆಗಳನ್ನು ಬಿಡುತ್ತದೆ. ಬೇರೆ ಕೆಲವು ಆರ್ಕಿಡ್‌ಗಳಲ್ಲಿರುವಂತೆ ನೀರನ್ನು ಶೇಖರಿಸುವ ಉಬ್ಬಿದ ಕಾಂಡಭಾಗ ಇದಕ್ಕಿಲ್ಲ. ದಪ್ಪ ಎಲೆಗಳು ಹಾಗೂ ಬೇರುಗಳೇ ಇದರ ನೀರಿನ ಉಗ್ರಾಣ. ಕಾಂಡದ ತುದಿ ಕೊಳೆತರೆ ಅದರ ಮೇಲ್ಮುಖ ಬೆಳವಣಿಗೆ ಶಾಶ್ವತವಾಗಿ ನಿಲ್ಲುತ್ತದೆ. ಅಂಥ ಗಿಡ ಉಳಿಯಬೇಕಾದರೆ ಬುಡದಿಂದ ಹೊಸ ಕವಲು ಒಡೆಯಬೇಕು.

ಬೇರು: ಬೇರಿನ ಒಳತಿರುಳನ್ನು ವೆಲಮೆನ್ ಎಂಬ ಹೊದಿಕೆ ಸುತ್ತುವರಿದಿರುತ್ತದೆ. ಇದು ನಿರ್ಜೀವ ಕೋಶಗಳ ಹಲವು ಪದರಗಳಿಂದಾದ ಸ್ಪಂಜಿನಂಥ ಭಾಗ. ಮಳೆಹನಿ ಬಿದ್ದೊಡನೆ ವೆಲಮೆನ್ ನೀರನ್ನು ಹೀರಿಕೊಂಡು ಹಿಡಿದಿಟ್ಟುಕೊಳ್ಳುತ್ತದೆ. ಆ ನೀರು ನಿಧಾನವಾಗಿ ಒಳಗಿನ ಜೀವಂತ ಕೋಶಗಳಿಗೆ ಸಾಗುತ್ತದೆ. ಒಣಗಿದಾಗ ವೆಲಮೆನ್‌ನಲ್ಲಿ ಗಾಳಿ ತುಂಬಿಕೊಳ್ಳುವುದರಿಂದ ಬೇರು ಬೆಳ್ಳಿಯ ಬಣ್ಣಕ್ಕೆ ತಿರುಗುತ್ತದೆ. ನೆನೆದಾಗ ವೆಲಮೆನ್ ಪಾರದರ್ಶಕವಾಗಿ, ಒಳಪದರದಲ್ಲಿರುವ ಪತ್ರಹರಿತ್ತಿನ ಹಸಿರು ಹೊರಗೆ ಕಾಣುತ್ತದೆ. ಹೀಗಾಗಿ ಬೇರಿನ ಬಣ್ಣವೇ ಗಿಡಕ್ಕೆ ನೀರು ಬೇಕೋ ಬೇಡವೋ ಎಂಬುದನ್ನು ತಿಳಿಸುವ ಸೂಚಕವಾಗಿದೆ.

ಉಸಿರಾಟ: ಹೆಚ್ಚಿನ ಸಸ್ಯಗಳು ಹಗಲಿನಲ್ಲಿ ಪತ್ರರಂಧ್ರಗಳನ್ನು ತೆರೆದು ಇಂಗಾಲದ ಡೈಆಕ್ಸೈಡನ್ನು ಹೀರುತ್ತವೆ. ಫಲೆನಾಪ್ಸಿಸ್ ಕಳ್ಳಿ ಹಾಗೂ ಅನಾನಸ್ ಗಿಡಗಳಂತೆ ಮುಖ್ಯವಾಗಿ ರಾತ್ರಿಯ ತಂಪಿನಲ್ಲಿ ಈ ಕೆಲಸ ಮಾಡುತ್ತದೆ. ಹೀರಿಕೊಂಡ ಅನಿಲವನ್ನು ಆಮ್ಲದ ರೂಪದಲ್ಲಿ ಶೇಖರಿಸಿ, ಹಗಲು ಬೆಳಕು ಬಂದಾಗ ಆಹಾರ ತಯಾರಿಕೆಗೆ ಬಳಸುತ್ತದೆ. ಇದರಿಂದ ನೀರಿನ ನಷ್ಟ ಕಡಿಮೆಯಾಗುತ್ತದೆ. ಬೇರು ಕಳೆದುಕೊಂಡ ಗಿಡವೂ ಹಲವು ವಾರಗಳ ಕಾಲ ಎಲೆಗಳ ಸಂಗ್ರಹದಿಂದ ಬದುಕಿರುವುದು ಈ ಮಿತವ್ಯಯದ ಫಲ.

ಬೇರು ನಾಶವಾಗುವ ಬಗೆ

ಆರ್ಕಿಡ್ ಬೇರುಗಳ ನಾಶಕ್ಕೆ ನೀರು ಹೆಚ್ಚಾದುದೇ ಕಾರಣವೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ವಾಸ್ತವವಾಗಿ ಬೇರುಗಳನ್ನು ಕೊಲ್ಲುವುದು ಗಾಳಿಯ ಅಭಾವ. ಕುಂಡದೊಳಗಿನ ತೊಗಟೆ ಅಥವಾ ಹಾವಸೆ ಹಳೆಯದಾದಂತೆ ಕೊಳೆತು ಪುಡಿಯಾಗುತ್ತದೆ. ಚೂರುಗಳ ನಡುವಿನ ತೆರವು ಮುಚ್ಚಿಹೋಗಿ, ಅಲ್ಲಿ ಗಾಳಿಯ ಬದಲು ನೀರು ನಿಲ್ಲುತ್ತದೆ. ಆಮ್ಲಜನಕ ದೊರೆಯದ ಬೇರು ಸಾಯುತ್ತದೆ. ಸತ್ತ ಬೇರಿನ ಮೇಲೆ ಶಿಲೀಂಧ್ರ ಮತ್ತು ಬ್ಯಾಕ್ಟೀರಿಯಾಗಳು ಬೆಳೆಯುತ್ತವೆ.

ಇಲ್ಲಿಂದ ಮುಂದೆ ಒಂದು ವಿಷವರ್ತುಲ ಆರಂಭವಾಗುತ್ತದೆ. ಬೇರಿಲ್ಲದ ಗಿಡ ನೀರನ್ನು ಹೀರಲಾರದು, ಆದ್ದರಿಂದ ಎಲೆಗಳು ಸುಕ್ಕುಗಟ್ಟಿ ಜೋತುಬೀಳುತ್ತವೆ. ನೀರು ಸಾಲದೆ ಒಣಗಿದ ಗಿಡದ ಎಲೆಗಳೂ ಹೀಗೆಯೇ ಕಾಣುತ್ತವೆ. ನೋಡುವವರು ಬಾಯಾರಿಕೆಯೆಂದು ತಿಳಿದು ಇನ್ನಷ್ಟು ನೀರೆರೆಯುತ್ತಾರೆ. ಉಳಿದಿದ್ದ ಬೇರುಗಳೂ ಅದರಿಂದ ಸಾಯುತ್ತವೆ. ಆದ್ದರಿಂದ ಎಲೆಯನ್ನು ಮಾತ್ರ ನೋಡಿ ಚಿಕಿತ್ಸೆ ನಿರ್ಧರಿಸದೆ ಬೇರನ್ನು ಪರೀಕ್ಷಿಸಬೇಕು.

ಕುಂಡ ಬದಲಾವಣೆಯ ಅನಂತರ ಗಿಡ ಸೊರಗಲು ಇತರ ಕಾರಣಗಳೂ ಇವೆ:

- ತೋಟದ ಮಣ್ಣಿನಲ್ಲಿ ನೆಟ್ಟಿರುವುದು. ಮಣ್ಣು ಬೇರುಗಳ ಸುತ್ತ ಬಿಗಿಯಾಗಿ ಕೂತು ಗಾಳಿಯನ್ನು ತಡೆಯುತ್ತದೆ.
- ಗಿಡಕ್ಕಿಂತ ಬಹಳ ದೊಡ್ಡ ಕುಂಡವನ್ನು ಬಳಸಿರುವುದು. ಬೇರುಗಳಿಲ್ಲದ ನಡುಭಾಗ ವಾರಗಟ್ಟಲೆ ಒದ್ದೆಯಾಗಿರುತ್ತದೆ.
- ಕಾಂಡದ ಬುಡವನ್ನು ಆಳವಾಗಿ ಹೂತಿರುವುದು.
- ಗಿಡವು ಕುಂಡದಲ್ಲಿ ಅಲುಗಾಡುತ್ತಿರುವುದು. ಹೊಸ ಬೇರಿನ ಎಳೆಯ ತುದಿ ಉಜ್ಜಿ ಮುರಿಯುತ್ತದೆ.
- ಬದಲಾವಣೆಯಾದ ಕೂಡಲೇ ಗೊಬ್ಬರ ಕೊಟ್ಟಿರುವುದು ಅಥವಾ ಬಿಸಿಲಿಗೆ ಇಟ್ಟಿರುವುದು.

ಬೇರುಗಳ ಪರೀಕ್ಷೆ

ಗಿಡವನ್ನು ಕುಂಡದಿಂದ ಹೊರತೆಗೆದು, ಹಳೆಯ ಮಾಧ್ಯಮವನ್ನು ಕೊಡವಿ, ಬೇರುಗಳನ್ನು ಹದವಾದ ನೀರಿನಲ್ಲಿ ತೊಳೆದರೆ ಅವುಗಳ ಸ್ಥಿತಿ ತಿಳಿಯುತ್ತದೆ. ಜೀವಂತ ಬೇರು ಬೆರಳಿನಿಂದ ಒತ್ತಿದಾಗ ಗಟ್ಟಿಯಾಗಿರುತ್ತದೆ ಮತ್ತು ನೆನೆದಾಗ ಹಸಿರಾಗುತ್ತದೆ. ಕುಂಡದ ಒಳಗೆ ಬೆಳಕು ಕಾಣದೆ ಬೆಳೆದ ಬೇರು ಹಳದಿ ಅಥವಾ ಮಾಸಲು ಬಿಳಿಯಾಗಿದ್ದರೂ ಗಟ್ಟಿಯಾಗಿದ್ದರೆ ಅದು ಆರೋಗ್ಯವಾಗಿದೆಯೆಂದೇ ಅರ್ಥ. ಕೊಳೆತ ಬೇರು ಕಂದು ಅಥವಾ ಕಪ್ಪು ಬಣ್ಣಕ್ಕೆ ತಿರುಗಿ ಮೆತ್ತಗಾಗಿರುತ್ತದೆ. ಅದನ್ನು ಎಳೆದರೆ ಹೊರಪದರ ಕಳಚಿ, ನಡುವಿನ ದಾರದಂಥ ಎಳೆ ಮಾತ್ರ ಕೈಗೆ ಬರುತ್ತದೆ. ನೀರಿಲ್ಲದೆ ಸತ್ತ ಬೇರು ಹುಲ್ಲಿನ ಕಡ್ಡಿಯಂತೆ ಟೊಳ್ಳಾಗಿ, ಚಪ್ಪಟೆಯಾಗಿರುತ್ತದೆ.

ಸತ್ತ ಬೇರಿನ ಭಾಗ ಮತ್ತೆ ಜೀವ ತಳೆಯುವುದಿಲ್ಲ. ಆದರೆ ಅರ್ಧ ಸತ್ತ ಬೇರಿನ ಜೀವಂತ ಭಾಗದಿಂದ ಕವಲುಬೇರುಗಳು ಹೊರಡಬಹುದು. ಆದುದರಿಂದ ಗಟ್ಟಿಯಾಗಿರುವ ಭಾಗವನ್ನು ಉಳಿಸಿಕೊಂಡು ಕೊಳೆತ ಭಾಗವನ್ನಷ್ಟೇ ಕತ್ತರಿಸುವುದು ಸರಿಯಾದ ಕ್ರಮ.

ಕುಂಡ ಬದಲಾವಣೆ

ಸೂಕ್ತ ಕಾಲ

ಸಾಮಾನ್ಯವಾಗಿ ಒಂದರಿಂದ ಎರಡು ವರ್ಷಗಳಿಗೊಮ್ಮೆ ಮಾಧ್ಯಮವನ್ನು ಬದಲಾಯಿಸಬೇಕಾಗುತ್ತದೆ. ಹೂವು ಮುಗಿದು, ಕಾಂಡದ ಬುಡದಲ್ಲಿ ಹೊಸ ಬೇರಿನ ಹಸಿರು ತುದಿಗಳು ಕಾಣಿಸಿಕೊಳ್ಳುವ ಕಾಲ ಇದಕ್ಕೆ ಪ್ರಶಸ್ತ. ಆಗ ಗಿಡವು ಬೇರು ಬಿಡುವ ಹಂತದಲ್ಲಿರುವುದರಿಂದ ಹೊಸ ಕುಂಡಕ್ಕೆ ಬೇಗನೆ ಒಗ್ಗುತ್ತದೆ. ಹೂದಂಟು ಅಥವಾ ಮೊಗ್ಗು ಇರುವಾಗ ಬದಲಾಯಿಸಿದರೆ ಮೊಗ್ಗುಗಳು ಉದುರುವ ಸಂಭವವಿದೆ. ಬೇರು ಕೊಳೆಯುತ್ತಿರುವುದು ಖಚಿತವಾದರೆ ಮಾತ್ರ ಕಾಲವನ್ನು ಲೆಕ್ಕಿಸದೆ ತಕ್ಷಣ ಬದಲಾಯಿಸಬೇಕು.

ಮಾಧ್ಯಮ

ಒಳ್ಳೆಯ ಮಾಧ್ಯಮವು ನೀರನ್ನು ಸ್ವಲ್ಪ ಹೊತ್ತು ಹಿಡಿದಿಟ್ಟುಕೊಂಡು, ಗಾಳಿಯಾಡಲು ಎಡೆ ಕೊಡಬೇಕು. ಬಳಕೆಯಲ್ಲಿರುವ ಮುಖ್ಯ ವಸ್ತುಗಳು ಇವು:

- ಪೈನ್ ಅಥವಾ ಫರ್ ಮರದ ತೊಗಟೆಯ ತುಂಡುಗಳು. ಇವು ಬೇಗ ಆರುತ್ತವೆ, ಎರಡು ವರ್ಷಗಳೊಳಗೆ ಪುಡಿಯಾಗತೊಡಗುತ್ತವೆ.
- ಸ್ಫ್ಯಾಗ್ನಮ್ ಹಾವಸೆ. ಇದು ತನ್ನ ತೂಕದ ಹಲವು ಪಟ್ಟು ನೀರನ್ನು ಹಿಡಿಯುತ್ತದೆ. ಬಿಗಿಯಾಗಿ ತುಂಬಿದರೆ ಬೇರು ಉಸಿರುಗಟ್ಟುತ್ತದೆ.
- ತೆಂಗಿನ ಸಿಪ್ಪೆಯ ತುಂಡುಗಳು. ಇವುಗಳಲ್ಲಿ ಲವಣಾಂಶ ಹೆಚ್ಚಿರುವುದರಿಂದ ಕೆಲವು ದಿನ ನೀರಿನಲ್ಲಿ ನೆನೆಸಿ, ನೀರನ್ನು ಹಲವು ಬಾರಿ ಬದಲಾಯಿಸಿದ ಮೇಲೆಯೇ ಬಳಸಬೇಕು.
- ಇದ್ದಿಲು, ಇಟ್ಟಿಗೆ ಹಾಗೂ ಹೆಂಚಿನ ಚೂರುಗಳು. ಇವು ಕೊಳೆಯುವುದಿಲ್ಲ, ಗಾಳಿಯ ಸಂಚಾರವನ್ನು ಹೆಚ್ಚಿಸುತ್ತವೆ.

ಮಳೆ ಹೆಚ್ಚಿರುವ, ಗಾಳಿಯಲ್ಲಿ ತೇವ ಹೆಚ್ಚಿರುವ ಪ್ರದೇಶಗಳಲ್ಲಿ ಇದ್ದಿಲು ಮತ್ತು ಹೆಂಚಿನ ಚೂರುಗಳ ಪಾಲು ಹೆಚ್ಚಿರಬೇಕು. ಒಣಹವೆಯ ಪ್ರದೇಶಗಳಲ್ಲಿ ತೆಂಗಿನ ಸಿಪ್ಪೆ ಅಥವಾ ಹಾವಸೆಯ ಪಾಲನ್ನು ಹೆಚ್ಚಿಸಬಹುದು.

ಕುಂಡ

ಉಳಿದಿರುವ ಬೇರುಗಳು ಹಿಡಿಸುವಷ್ಟು ಅಳತೆಯ, ತಳದಲ್ಲಿ ಹಾಗೂ ಬದಿಯಲ್ಲಿ ರಂಧ್ರಗಳಿರುವ ಕುಂಡ ಸಾಕು. ಬೇರುಗಳಲ್ಲಿ ಹೆಚ್ಚಿನವು ಕೊಳೆತು ಹೋಗಿದ್ದರೆ ಹೊಸ ಕುಂಡವು ಹಳೆಯದಕ್ಕಿಂತ ಚಿಕ್ಕದಾಗಿರಬೇಕು. ಪಾರದರ್ಶಕ ಪ್ಲಾಸ್ಟಿಕ್ ಕುಂಡದಲ್ಲಿ ಬೇರಿನ ಬಣ್ಣವನ್ನು ಹೊರಗಿನಿಂದಲೇ ನೋಡಬಹುದು. ಮಣ್ಣಿನ ಕುಂಡ ಬೇಗ ಆರುತ್ತದೆ, ಆದರೆ ಬೇರುಗಳು ಅದರ ಗೋಡೆಗೆ ಅಂಟಿಕೊಳ್ಳುವುದರಿಂದ ಮುಂದಿನ ಬದಲಾವಣೆಯ ವೇಳೆ ಹರಿಯಬಹುದು.

ವಿಧಾನ

1. ಕತ್ತರಿಯನ್ನು ಬೆಂಕಿಯಲ್ಲಿ ಕಾಯಿಸಿ ಅಥವಾ ಸ್ಪಿರಿಟ್‌ನಿಂದ ಒರೆಸಿ ಶುದ್ಧಗೊಳಿಸಬೇಕು. ಆರ್ಕಿಡ್‌ಗಳ ವೈರಾಣು ರೋಗಗಳು ಒಂದು ಗಿಡದಿಂದ ಇನ್ನೊಂದಕ್ಕೆ ಉಪಕರಣಗಳ ಮೂಲಕ ಹರಡುತ್ತವೆ. ವೈರಾಣುಗಳ ವಿಷಯದಲ್ಲಿ ಕಾಯಿಸುವುದೇ ಹೆಚ್ಚು ಭರವಸೆಯ ಕ್ರಮ.
2. ಗಿಡವನ್ನು ಸ್ವಲ್ಪ ಹೊತ್ತು ನೀರಿನಲ್ಲಿ ನೆನೆಸಿದರೆ ಬೇರುಗಳು ಮೆತುವಾಗಿ ಮುರಿಯದೆ ಹೊರಬರುತ್ತವೆ.
3. ಹಳೆಯ ಮಾಧ್ಯಮವನ್ನು ಪೂರ್ತಿ ತೆಗೆದು, ಕೊಳೆತ ಮತ್ತು ಟೊಳ್ಳಾದ ಬೇರುಗಳನ್ನು ಕತ್ತರಿಸಬೇಕು. ಕಾಂಡದ ಬುಡದ ಭಾಗ ಕೊಳೆತಿದ್ದರೆ ಗಟ್ಟಿಯಾದ ಅಂಗಾಂಶ ಸಿಗುವವರೆಗೆ ಅದನ್ನೂ ತೆಗೆಯಬೇಕು.
4. ಕಾಂಡದ ಕತ್ತರಿಸಿದ ಮೈಗೆ ಶಿಲೀಂಧ್ರನಾಶಕದ ಪುಡಿ ಅಥವಾ ದಾಲ್ಚಿನ್ನಿ ಪುಡಿಯನ್ನು ಲೇಪಿಸುವ ರೂಢಿಯಿದೆ. ದಾಲ್ಚಿನ್ನಿ ತೇವವನ್ನು ಹೀರುವುದರಿಂದ ಅದು ಜೀವಂತ ಬೇರುಗಳಿಗೆ ತಾಗದಂತೆ ಎಚ್ಚರ ವಹಿಸಬೇಕು.
5. ಎಲೆಗಳ ಬುಡ ಮಾಧ್ಯಮದ ಮೇಲ್ಮಟ್ಟದಲ್ಲಿರುವಂತೆ ಗಿಡವನ್ನು ಇರಿಸಿ, ಬೇರುಗಳ ನಡುವೆ ಮಾಧ್ಯಮವನ್ನು ತುಂಬಿ, ಕುಂಡವನ್ನು ಮೆಲ್ಲಗೆ ತಟ್ಟಿ ಕೂರಿಸಬೇಕು.
6. ಗಿಡ ಅಲುಗಾಡುತ್ತಿದ್ದರೆ ಕಡ್ಡಿಯೊಂದನ್ನು ಊರಿ ಸಡಿಲವಾಗಿ ಕಟ್ಟಬೇಕು.

ಹಲವು ಬೇರುಗಳನ್ನು ಕತ್ತರಿಸಿದ್ದಾಗ ಗಾಯ ಒಣಗಲೆಂದು ಕೆಲವು ದಿನ ನೀರೆರೆಯದೆ ಬಿಡುವುದುಂಟು. ಆ ದಿನಗಳಲ್ಲಿ ಗಿಡವನ್ನು ನೆರಳಿನಲ್ಲಿರಿಸಿ ಸುತ್ತಲಿನ ಗಾಳಿಯಲ್ಲಿ ತೇವವಿರುವಂತೆ ನೋಡಿಕೊಳ್ಳಬೇಕು.

ಬೇರಿನ ಪುನಶ್ಚೇತನ

ಹೊಸ ಬೇರುಗಳು ಮುಖ್ಯವಾಗಿ ಕಾಂಡದಿಂದ, ಎಲೆಗಳ ಬುಡದ ಸಮೀಪದಲ್ಲಿ ಹುಟ್ಟುತ್ತವೆ. ಅಲ್ಲಿ ಮೊದಲು ಸಣ್ಣ ಉಬ್ಬು ಕಾಣಿಸಿಕೊಂಡು, ಅದು ಒಡೆದು ಹೊಳಪಿನ ಹಸಿರು ಅಥವಾ ಕೆಂಪು ಛಾಯೆಯ ತುದಿ ಹೊರಬರುತ್ತದೆ. ಈ ತುದಿ ಬಹಳ ನಾಜೂಕಾದುದು. ಅದನ್ನು ಮುಟ್ಟುವುದು, ಬಲವಂತವಾಗಿ ಬಾಗಿಸಿ ಕುಂಡದೊಳಗೆ ತುರುಕುವುದು ಸಲ್ಲದು.

ಈ ಅವಧಿಯಲ್ಲಿ ಗಿಡಕ್ಕೆ ಬೇಕಾದುದು ತೇವದ ಗಾಳಿಯೇ ಹೊರತು ಒದ್ದೆಯಾದ ಮಾಧ್ಯಮವಲ್ಲ. ಗಾಳಿಯಲ್ಲಿ ಆರ್ದ್ರತೆ ಹೆಚ್ಚಿದ್ದಷ್ಟೂ ಎಲೆಗಳಿಂದ ನೀರು ಹೊರಹೋಗುವುದು ಕಡಿಮೆಯಾಗುತ್ತದೆ, ಉಳಿದ ಸಂಗ್ರಹ ಬೇರಿನ ಬೆಳವಣಿಗೆಗೆ ಒದಗುತ್ತದೆ. ಬೆಚ್ಚಗಿನ ವಾತಾವರಣ, ಅಂದರೆ ಸುಮಾರು 22ರಿಂದ 28 ಡಿಗ್ರಿ ಸೆಲ್ಸಿಯಸ್, ಹಾಗೂ ಮಂದವಾದ ಬೆಳಕು ಹಿತಕರ. ಬೇರುಗಳು ಹೀರಲಾರದ ಸ್ಥಿತಿಯಲ್ಲಿ ಗೊಬ್ಬರದ ಲವಣಗಳು ಮಾಧ್ಯಮದಲ್ಲಿ ಸೇರಿಕೊಂಡು ಎಳೆಯ ಬೇರಿನ ತುದಿಯನ್ನು ಸುಡುತ್ತವೆ. ಆದಕಾರಣ ಹೊಸ ಬೇರು ಕೆಲವು ಸೆಂಟಿಮೀಟರ್ ಬೆಳೆಯುವವರೆಗೆ ಗೊಬ್ಬರ ಕೊಡಬಾರದು.

ಬೇರುಗಳೆಲ್ಲವೂ ನಾಶವಾಗಿರುವ ಗಿಡಕ್ಕೆ ಮುಚ್ಚಿದ ಚೀಲದ ವಿಧಾನವನ್ನು ಅನುಸರಿಸಲಾಗುತ್ತದೆ. ಪಾರದರ್ಶಕ ಪ್ಲಾಸ್ಟಿಕ್ ಚೀಲ ಅಥವಾ ಡಬ್ಬಿಯ ತಳದಲ್ಲಿ ಚೆನ್ನಾಗಿ ಹಿಂಡಿದ, ತುಸು ತೇವವಿರುವ ಸ್ಫ್ಯಾಗ್ನಮ್ ಹಾವಸೆಯನ್ನು ಹರಡಿ, ಗಿಡವನ್ನು ಅದರ ಮೇಲೆ ಇರಿಸಿ ಬಾಯಿ ಕಟ್ಟಲಾಗುತ್ತದೆ. ಚೀಲವು ನೇರ ಬಿಸಿಲಿಗೆ ಬೀಳಬಾರದು, ಬಿದ್ದರೆ ಒಳಗಿನ ಶಾಖ ಏರಿ ಗಿಡ ಬೆಂದುಹೋಗುತ್ತದೆ. ಕೆಲವು ದಿನಗಳಿಗೊಮ್ಮೆ ಬಾಯಿ ತೆರೆದು ಗಾಳಿಯಾಡಿಸಿ, ಬೂಷ್ಟು ಹಿಡಿದಿದೆಯೇ ಎಂದು ನೋಡಬೇಕು. ಹೊಸ ಬೇರು ಬರಲು ಕೆಲವು ವಾರಗಳಿಂದ ಹಲವು ತಿಂಗಳುಗಳವರೆಗೆ ಬೇಕಾಗಬಹುದು. ಬೇರುಗಳು ಬೆಳೆದ ಮೇಲೆ ಚೀಲವನ್ನು ದಿನದಿನಕ್ಕೆ ಸ್ವಲ್ಪ ಸ್ವಲ್ಪವೇ ತೆರೆದು ಗಿಡವನ್ನು ಹೊರಗಿನ ಹವೆಗೆ ಒಗ್ಗಿಸಬೇಕು.

ದುರ್ಬಲ ಗಿಡದಲ್ಲಿ ಹೂದಂಟು ಇದ್ದರೆ ಅದನ್ನು ಬುಡದವರೆಗೆ ಕತ್ತರಿಸುವುದು ಒಳ್ಳೆಯದು. ಹೂವನ್ನು ಪೋಷಿಸಲು ಗಿಡ ತನ್ನ ಎಲೆಗಳ ಸಂಗ್ರಹವನ್ನೇ ವ್ಯಯಿಸುತ್ತದೆ, ಬೇರಿಗೆ ಏನೂ ಉಳಿಯುವುದಿಲ್ಲ. ಕೆಳಗಿನ ಹಳೆಯ ಎಲೆ ಹಳದಿಯಾಗುತ್ತಿದ್ದರೆ ಅದನ್ನು ಕೀಳದೆ ತಾನಾಗಿ ಉದುರಲು ಬಿಡಬೇಕು. ಅದರಲ್ಲಿರುವ ಪೋಷಕಾಂಶಗಳು ಹೊಸ ಬೆಳವಣಿಗೆಗೆ ವರ್ಗವಾಗುತ್ತಿರುತ್ತವೆ.

ಸುಕ್ಕುಗಟ್ಟಿದ ಹಳೆಯ ಎಲೆಗಳು ಹೊಸ ಬೇರು ಬಂದ ಮೇಲೂ ಮೊದಲಿನಂತೆ ನುಣುಪಾಗದಿರಬಹುದು. ಚೇತರಿಕೆಯನ್ನು ಅವುಗಳಿಂದ ಅಳೆಯಬಾರದು. ತುದಿಯಿಂದ ಹೊರಡುವ ಹೊಸ ಎಲೆ ಬಿಗುವಾಗಿದ್ದು, ಹಿಂದಿನ ಎಲೆಯಷ್ಟು ಅಥವಾ ಅದಕ್ಕಿಂತ ದೊಡ್ಡದಾಗಿ ಬೆಳೆಯುವುದು ಸರಿಯಾದ ಅಳತೆಗೋಲು.

ನಿತ್ಯದ ಆರೈಕೆ

ನೀರು: ಬೇರುಗಳು ಬೆಳ್ಳಿಬಣ್ಣಕ್ಕೆ ತಿರುಗಿ ಕುಂಡ ಹಗುರವಾದಾಗ ನೀರೆರೆಯಬೇಕು. ವಾರಕ್ಕೆ ಇಷ್ಟು ಬಾರಿ ಎಂಬ ನಿಯಮ ಎಲ್ಲೆಡೆಗೂ ಹೊಂದುವುದಿಲ್ಲ, ಏಕೆಂದರೆ ಆರುವ ವೇಗವು ಮಾಧ್ಯಮ, ಕುಂಡ ಮತ್ತು ಋತುವನ್ನು ಅವಲಂಬಿಸಿದೆ. ಎರೆದ ನೀರು ತಳದಿಂದ ಹರಿದುಹೋಗಬೇಕು, ತಟ್ಟೆಯಲ್ಲಿ ನಿಲ್ಲಬಾರದು. ಬೆಳಗಿನ ವೇಳೆ ನೀರೆರೆದರೆ ಸಂಜೆಯೊಳಗೆ ಎಲೆಗಳು ಆರುತ್ತವೆ. ಎಲೆಗಳ ನಡುವಿನ ಸುಳಿಯಲ್ಲಿ ನೀರು ನಿಂತರೆ ಅದನ್ನು ಬಟ್ಟೆಯಿಂದ ಒರೆಸಬೇಕು. ಮಳೆನೀರು ಉತ್ತಮ. ಗಡಸು ನೀರಿನ ಲವಣಗಳು ಮಾಧ್ಯಮದಲ್ಲಿ ಶೇಖರವಾಗುತ್ತವೆ.

ಬೆಳಕು: ಪೂರ್ವದ ಕಿಟಕಿಯ ಎಳೆಬಿಸಿಲು ಅಥವಾ ತೆಳುಪರದೆಯ ಮೂಲಕ ಬರುವ ಬೆಳಕು ಸೂಕ್ತ. ಸುಮಾರು 10,000ದಿಂದ 15,000 ಲಕ್ಸ್ ಬೆಳಕು ಸಾಕಾಗುತ್ತದೆ. ಎಲೆಗಳು ಕಡುಹಸಿರಾಗಿ ಉದ್ದವಾಗುತ್ತಿದ್ದರೆ ಬೆಳಕು ಸಾಲದು. ಹಳದಿಯಾಗಿ ಅಥವಾ ಕೆಂಪಾಗಿ ಕಲೆಗಳು ಮೂಡಿದರೆ ಬೆಳಕು ಹೆಚ್ಚಾಗಿದೆ. ಬೆಳಕಿನ ಕೊರತೆ ಗಿಡವನ್ನು ಕೊಲ್ಲುವುದಿಲ್ಲ, ಆದರೆ ಹೂಬಿಡುವುದನ್ನು ತಡೆಯುತ್ತದೆ.

ಗೊಬ್ಬರ: ಬೇರುಗಳು ನೆಲೆಗೊಂಡ ಮೇಲೆ ಸಾರಜನಕ, ರಂಜಕ ಮತ್ತು ಪೊಟ್ಯಾಸಿಯಂ ಸಮಪ್ರಮಾಣದಲ್ಲಿರುವ ನೀರಿನಲ್ಲಿ ಕರಗುವ ಗೊಬ್ಬರವನ್ನು, ಪೊಟ್ಟಣದ ಮೇಲೆ ಸೂಚಿಸಿದ ಪ್ರಮಾಣದ ಕಾಲುಭಾಗದಷ್ಟು ಮಾತ್ರ, ಒಂದೆರಡು ವಾರಗಳಿಗೊಮ್ಮೆ ಕೊಡಬಹುದು. ತಿಂಗಳಿಗೊಮ್ಮೆ ಬರಿಯ ನೀರನ್ನು ಧಾರಾಳವಾಗಿ ಹರಿಸಿ ಶೇಖರವಾದ ಲವಣಗಳನ್ನು ತೊಳೆಯಬೇಕು.

ಮರುಹೂಬಿಡುವಿಕೆ

ಫಲೆನಾಪ್ಸಿಸ್‌ನ ಬಹುತೇಕ ದೊಡ್ಡ ಹೂವಿನ ಮಿಶ್ರತಳಿಗಳಲ್ಲಿ ಹೂದಂಟು ಹೊರಡಲು ಮುಖ್ಯ ಪ್ರೇರಣೆ ತಾಪಮಾನದ ಇಳಿಕೆ. ಹಗಲಿನ ಉದ್ದದ ಪ್ರಭಾವ ಇದರ ಮುಂದೆ ಗೌಣ. ತಾಪಮಾನ ಸತತವಾಗಿ 28 ಡಿಗ್ರಿಗಿಂತ ಹೆಚ್ಚಿದ್ದರೆ ಗಿಡ ಎಲೆಗಳನ್ನು ಬಿಡುತ್ತಾ ಹೋಗುತ್ತದೆ, ಹೂದಂಟು ಬರುವುದಿಲ್ಲ. ಹಗಲು ಸುಮಾರು 25 ಡಿಗ್ರಿ, ರಾತ್ರಿ 16ರಿಂದ 20 ಡಿಗ್ರಿ ಇರುವ ಹವೆ ನಾಲ್ಕರಿಂದ ಆರು ವಾರಗಳ ಕಾಲ ದೊರೆತರೆ ಎಲೆಯ ಕಂಕುಳಿನಲ್ಲಿ ಸುಪ್ತವಾಗಿದ್ದ ಮೊಗ್ಗು ಎಚ್ಚೆತ್ತು ಹೂದಂಟಾಗುತ್ತದೆ. ಸಾಮಾನ್ಯವಾಗಿ ತುದಿಯಿಂದ ಮೂರನೆಯ ಅಥವಾ ನಾಲ್ಕನೆಯ ಎಲೆಯ ಕಂಕುಳಿನಿಂದ ಅದು ಹೊರಡುತ್ತದೆ. ಹೂದಂಟು ಕಂಡ ದಿನದಿಂದ ಮೊದಲ ಹೂವು ಅರಳಲು ಎರಡರಿಂದ ನಾಲ್ಕು ತಿಂಗಳು ಬೇಕು.

ತಂಪಿನ ಈ ಪ್ರೇರಣೆ ಫಲಿಸುವುದು ಗಿಡದಲ್ಲಿ ಶಕ್ತಿಯಿದ್ದರೆ ಮಾತ್ರ. ಬೇರುಗಳು ಚೆನ್ನಾಗಿ ಹಬ್ಬಿ, ನಾಲ್ಕೈದು ಬಲಿತ ಎಲೆಗಳಿರುವ ಗಿಡವು ಹೂಗೊಂಚಲನ್ನು ನಿಭಾಯಿಸಬಲ್ಲದು. ಇನ್ನೂ ಚೇತರಿಸಿಕೊಳ್ಳುತ್ತಿರುವ ಗಿಡವನ್ನು ತಂಪಿಗೆ ಒಡ್ಡಿ ಹೂಬಿಡಿಸಲು ಯತ್ನಿಸಿದರೆ ಬೇರಿನ ಬೆಳವಣಿಗೆ ಕುಂಠಿತವಾಗುತ್ತದೆ.

ಹೂದಂಟು ಮತ್ತು ಬೇರಿನ ವ್ಯತ್ಯಾಸ: ಆರಂಭದಲ್ಲಿ ಇವೆರಡೂ ಒಂದೇ ತೆರನಾಗಿ ಕಾಣುತ್ತವೆ. ಬೇರಿನ ತುದಿ ನುಣುಪಾಗಿ ಗುಂಡಗಿದ್ದು, ಅದರ ಹಿಂಭಾಗ ಬೇಗನೆ ಬೆಳ್ಳಿಬಣ್ಣ ತಳೆಯುತ್ತದೆ. ಹೂದಂಟಿನ ತುದಿ ತುಸು ಚಪ್ಪಟೆಯಾಗಿ, ಹೆಬ್ಬೆರಳಿರುವ ಕೈಚೀಲದ ಆಕಾರದಲ್ಲಿದ್ದು, ಪೂರ್ತಿ ಹಸಿರಾಗಿಯೇ ಉಳಿದು ಬೆಳಕಿನತ್ತ ಬಾಗುತ್ತದೆ.

ಹಳೆಯ ಹೂದಂಟು: ಗಿಡ ಬಲವಾಗಿದ್ದು ಹೂದಂಟು ಹಸಿರಾಗಿದ್ದರೆ, ಬುಡದಿಂದ ಎರಡನೆಯ ಅಥವಾ ಮೂರನೆಯ ಗಿಣ್ಣಿನ ಮೇಲೆ ಕತ್ತರಿಸಿದಾಗ ಅಲ್ಲಿಂದ ಕವಲು ಒಡೆದು ಮತ್ತೆ ಹೂಬಿಡಬಹುದು. ಇಂಥ ಹೂಗಳು ಸಂಖ್ಯೆಯಲ್ಲಿ ಮತ್ತು ಗಾತ್ರದಲ್ಲಿ ಕಡಿಮೆ. ಕಂದಾಗಿ ಒಣಗಿದ ದಂಟನ್ನು ಬುಡದಲ್ಲಿಯೇ ಕತ್ತರಿಸಬೇಕು.

ಮರಿಗಿಡ: ಕೆಲವೊಮ್ಮೆ ಹೂದಂಟಿನ ಗಿಣ್ಣಿನಲ್ಲಿ ಹೂವಿನ ಬದಲು ಎಲೆ-ಬೇರುಗಳುಳ್ಳ ಮರಿಗಿಡ ಹುಟ್ಟುತ್ತದೆ. ಆರ್ಕಿಡ್ ಬೆಳೆಗಾರರು ಇದನ್ನು ಕೇಕಿ ಎನ್ನುತ್ತಾರೆ. ಹವಾಯಿ ಭಾಷೆಯಲ್ಲಿ ಈ ಪದಕ್ಕೆ ಮಗು ಎಂದರ್ಥ. ಅದರ ಬೇರುಗಳು ಐದಾರು ಸೆಂಟಿಮೀಟರ್ ಬೆಳೆದ ಮೇಲೆ ಬೇರ್ಪಡಿಸಿ ನೆಡಬಹುದು.

ಮೊಗ್ಗು ಉದುರುವಿಕೆ: ಗಿಡದ ಸ್ಥಳವನ್ನು ಹಠಾತ್ತಾಗಿ ಬದಲಾಯಿಸುವುದು, ಒಣಗಾಳಿ, ನೀರಿನ ಕೊರತೆ ಹಾಗೂ ಎಥಿಲೀನ್ ಅನಿಲ ಇದಕ್ಕೆ ಕಾರಣ. ಮಾಗಿದ ಬಾಳೆಹಣ್ಣು, ಸೇಬುಗಳಿಂದ ಎಥಿಲೀನ್ ಹೊರಹೊಮ್ಮುವುದರಿಂದ ಹಣ್ಣಿನ ಬುಟ್ಟಿಯ ಪಕ್ಕದಲ್ಲಿ ಗಿಡವನ್ನು ಇಡಬಾರದು.

ಕರ್ನಾಟಕದ ಹವಾಮಾನದಲ್ಲಿ

ಸಮುದ್ರಮಟ್ಟದಿಂದ 900 ಮೀಟರ್‌ಗಿಂತ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಡಿಸೆಂಬರ್-ಜನವರಿ ತಿಂಗಳುಗಳ ರಾತ್ರಿಯ ತಾಪಮಾನ ಸುಮಾರು 15-16 ಡಿಗ್ರಿಗೆ ಇಳಿಯುತ್ತದೆ. ಕಿಟಕಿಯ ಬಳಿ ಇರಿಸಿದ ಗಿಡಕ್ಕೆ ಹೂದಂಟು ಬಿಡಲು ಬೇಕಾದ ತಂಪು ಇದರಿಂದ ಸಹಜವಾಗಿಯೇ ದೊರೆಯುತ್ತದೆ. ಕೊಡಗು, ಚಿಕ್ಕಮಗಳೂರಿನಂಥ ಮಲೆನಾಡಿನ ಪ್ರದೇಶಗಳಲ್ಲಿ ತಂಪಿನ ಜೊತೆಗೆ ಗಾಳಿಯ ತೇವವೂ ಅನುಕೂಲಕರ. ಆದರೆ ಮಳೆಗಾಲದಲ್ಲಿ ದಿನಗಟ್ಟಲೆ ಬಿಸಿಲು ಕಾಣದಿರುವುದರಿಂದ ಗಿಡಗಳನ್ನು ಸೂರಿನ ಕೆಳಗೆ ಗಾಳಿಯಾಡುವಲ್ಲಿ ಇರಿಸಿ ಸುಳಿಕೊಳೆಯನ್ನು ತಡೆಯಬೇಕಾಗುತ್ತದೆ.

ಕರಾವಳಿಯಲ್ಲಿ ಚಳಿಗಾಲದ ಹಗಲೂ 30 ಡಿಗ್ರಿ ದಾಟುವುದರಿಂದ ಬೇರು ಮತ್ತು ಎಲೆಗಳು ಹುಲುಸಾಗಿ ಬೆಳೆದರೂ ಹೂದಂಟು ಬರುವುದು ಕಷ್ಟ. ಅಲ್ಲಿ ಶಾಖವನ್ನು ತಾಳಿ ಹೂಬಿಡುವ ವಾಂಡಾ ಮತ್ತು ಡೆಂಡ್ರೋಬಿಯಂ ಮಿಶ್ರತಳಿಗಳು ಹೆಚ್ಚು ಸುಲಭ. ಉತ್ತರ ಕರ್ನಾಟಕದ ಒಳನಾಡಿನಲ್ಲಿ ಬೇಸಗೆಯ ಒಣಗಾಳಿಯೇ ಮುಖ್ಯ ತೊಡಕು. ಕುಂಡದ ಕೆಳಗೆ ಬೆಣಚುಕಲ್ಲು ತುಂಬಿದ ನೀರಿನ ತಟ್ಟೆಯನ್ನಿರಿಸಿ, ಕುಂಡದ ತಳ ನೀರಿಗೆ ತಾಗದಂತೆ ನೋಡಿಕೊಳ್ಳುವುದು ಹಾಗೂ ಗಿಡಗಳನ್ನು ಒತ್ತಟ್ಟಿಗೆ ಇರಿಸುವುದು ಗಾಳಿಯ ತೇವವನ್ನು ಸ್ವಲ್ಪಮಟ್ಟಿಗೆ ಹೆಚ್ಚಿಸುತ್ತದೆ.

ಕಾಡಿನ ಮರಗಳ ಮೇಲಿನ ಆರ್ಕಿಡ್‌ಗಳನ್ನು ಕಿತ್ತು ತರುವುದು ಸಲ್ಲದು. ಅವು ಮನೆಯ ವಾತಾವರಣದಲ್ಲಿ ಬದುಕುವುದು ಅಪರೂಪ. ಆರ್ಕಿಡ್ ಕುಟುಂಬದ ಅಂತರರಾಷ್ಟ್ರೀಯ ವ್ಯಾಪಾರವು ವನ್ಯಜೀವಿಗಳಿಗೆ ಸಂಬಂಧಿಸಿದ ಸೈಟಿಸ್ ಒಪ್ಪಂದದ ನಿಯಂತ್ರಣಕ್ಕೆ ಒಳಪಟ್ಟಿದೆ.

ರೋಗ ಮತ್ತು ಕೀಟಗಳು

ಹಿಟ್ಟು ತಿಗಣೆ ಮತ್ತು ಶಲ್ಕಕೀಟಗಳು ಎಲೆಗಳ ಅಡಿ ಹಾಗೂ ಕಂಕುಳುಗಳಲ್ಲಿ ಅಡಗಿ ರಸ ಹೀರುತ್ತವೆ. ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ ಇವನ್ನು ತೆಗೆಯಬಹುದು. ಬಸವನಹುಳುಗಳು ರಾತ್ರಿಯ ವೇಳೆ ಎಳೆಯ ಬೇರಿನ ತುದಿಗಳನ್ನು ತಿನ್ನುವುದರಿಂದ ಚೇತರಿಸಿಕೊಳ್ಳುತ್ತಿರುವ ಗಿಡಕ್ಕೆ ವಿಶೇಷ ಹಾನಿಯಾಗುತ್ತದೆ. ಬ್ಯಾಕ್ಟೀರಿಯಾದಿಂದ ಬರುವ ಮೃದುಕೊಳೆ ರೋಗದಲ್ಲಿ ಎಲೆಯ ಮೇಲೆ ನೀರು ತುಂಬಿದಂಥ ಮಚ್ಚೆ ಮೂಡಿ ಬಹಳ ಬೇಗ ಹರಡುತ್ತದೆ. ಮಚ್ಚೆಯ ಅಂಚಿನಾಚೆ ಆರೋಗ್ಯಕರ ಭಾಗವನ್ನೂ ಸ್ವಲ್ಪ ಸೇರಿಸಿ ಕತ್ತರಿಸಿ, ಗಿಡವನ್ನು ಪ್ರತ್ಯೇಕವಾಗಿ ಒಣಗಾಳಿಯಲ್ಲಿರಿಸಬೇಕು. ಸಿಂಬಿಡಿಯಂ ಮೊಸಾಯಿಕ್ ವೈರಾಣು ಮುಂತಾದ ವೈರಾಣು ರೋಗಗಳಿಗೆ ಮನೆಯಲ್ಲಿ ಮಾಡಬಹುದಾದ ಚಿಕಿತ್ಸೆಯಿಲ್ಲ.

ಚೇತರಿಕೆಯ ಅವಧಿ ಮತ್ತು ಮಿತಿ

ಒಳ್ಳೆಯ ಬೇರುಗಳನ್ನು ಉಳಿಸಿಕೊಂಡು ಕುಂಡ ಬದಲಾಯಿಸಿದ ಗಿಡವು ಅದೇ ವರ್ಷದ ಚಳಿಗಾಲದಲ್ಲಿ ಹೂದಂಟು ಬಿಡಬಹುದು. ಅರ್ಧದಷ್ಟು ಬೇರು ಕಳೆದುಕೊಂಡ ಗಿಡಕ್ಕೆ ಒಂದು ವರ್ಷ, ಬೇರೇ ಇಲ್ಲದೆ ಉಳಿದ ಗಿಡಕ್ಕೆ ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಬೇಕಾಗಬಹುದು. ಕಾಂಡದ ತುದಿ ಕೊಳೆತಿದ್ದು, ಬುಡವೂ ಕಂದಾಗಿ ಮೆತ್ತಗಾಗಿದ್ದರೆ ಗಿಡವನ್ನು ಉಳಿಸಲಾಗದು. ತುದಿ ಮಾತ್ರ ಹೋಗಿದ್ದು ಬುಡ ಗಟ್ಟಿಯಾಗಿದ್ದರೆ ಕೆಲವು ತಿಂಗಳು ಕಾದುನೋಡಬಹುದು.

ಬೇರು ಬರುತ್ತಿರುವ ಗಿಡ ಹೂಬಿಡದೆ ಒಂದು ಋತು ಕಳೆದರೆ ಅದನ್ನು ವಿಫಲತೆಯೆಂದು ಎಣಿಸಬೇಕಿಲ್ಲ. ಕಾಲಕಾಲಕ್ಕೆ ಮಾಧ್ಯಮವನ್ನು ಬದಲಾಯಿಸಿ, ಸುಳಿಯನ್ನು ಕೊಳೆಯದಂತೆ ಕಾಪಾಡಿದ ಫಲೆನಾಪ್ಸಿಸ್ ಹಲವು ವರ್ಷಗಳ ಕಾಲ ಬದುಕಿ, ಬಹುತೇಕ ಪ್ರತಿ ವರ್ಷವೂ ಹೂಬಿಡುತ್ತದೆ.